ಹಾಡಹಗಲ ಬಲ್ಬು

ಅನಂತಪುರದ ರಾವಸಾಹೇಬರ ಮನೆಯಲ್ಲಿ ಯಾವುದನ್ನೂ ಬರಿದು ಮಾಡಿ ಎತ್ತಿಡುವಂತಿಲ್ಲ. ಅಟ್ಟಕ್ಕೆ ಹೋಗುವ ಕೊಡದಲ್ಲೂ ಹಿಡಿ ಜೋಳ ಇರಬೇಕು, ಹರಿದ ಪಾಕೀಟಿನಲ್ಲೂ ಒಂದು ರೂಪಾಯಿ ಇರಬೇಕು. ಇಂಥ ಮನೆಗೆ ಸೊಸೆಯಾಗಿ ಬಂದ ದೀಪಾಲಿ, ತುಂಬಿದ ಬ್ಯಾಟರಿಗಳನ್ನು ಅರ್ಧ ಖಾಲಿ ಮಾಡಿ ಪೆಟ್ಟಿಗೆಗೆ ಹಾಕುತ್ತೇನೆ ಅಂದರೆ ಯಾರು ಒಪ್ಪುತ್ತಾರೆ?

ಬ್ಯಾಟರಿಗಳು ಅವಳ ಥರ್ಮಾಕೋಲ್ ಗಿಡುಗನವು. ಕಾಲೇಜಿನಲ್ಲಿ ಹುಚ್ಚು ಹಿಡಿಸಿಕೊಂಡು ಮಾಡಲು ಕಲಿತ ರಿಮೋಟ್ ವಿಮಾನಕ್ಕೆ ಗಿಡುಗನ ಬಣ್ಣ ಬಳಿದು, ಹಣ್ಣಾದ ದ್ರಾಕ್ಷಿ ತೋಟದ ಮೇಲೆ ಹಾರಿಸಿದ್ದಳು. ಗಿಳಿ, ಗೊರವಂಕ ಎಲ್ಲ ಪಕ್ಕದವರ ತೋಟ ಸೇರಿದವು. ಮಾವ ರಾವಸಾಹೇಬರು ಊರೆಲ್ಲ ಹೇಳಿಕೊಂಡು ತಿರುಗಿದರು. 'ನಮ್ಮ ತೋಟದ ಗಿಡುಗ' ಅಂದರೇ ಹೊರತು 'ನಮ್ಮ ಸೊಸೆಯ ಗಿಡುಗ' ಎಂಬ ಮಾತು ಅವರ ಬಾಯಿಂದ ಬರಲಿಲ್ಲ.

ಸುಗ್ಗಿ ಮುಗಿಯಿತು. ಈ ಲಿಥಿಯಂ ಬ್ಯಾಟರಿಗಳ ಸ್ವಭಾವವೇ ವಿಚಿತ್ರ. ತಿಂಗಳುಗಟ್ಟಲೆ ತುಂಬಿಸಿಟ್ಟರೂ ಕೆಡುತ್ತವೆ, ಪೂರ್ತಿ ಖಾಲಿ ಮಾಡಿಟ್ಟರೂ ಕೆಡುತ್ತವೆ. ದೀಪಾಲಿ ಹಳೆಯ ಟ್ರ್ಯಾಕ್ಟರಿನ ಹೆಡ್‌ಲೈಟ್ ಬಲ್ಬನ್ನು ಹಲಗೆಯೊಂದಕ್ಕೆ ಕೂಡಿಸಿ ವೈರು ಬೆಸೆದಳು. ಬ್ಯಾಟರಿ ಸಿಕ್ಕಿಸಿದರೆ ಬಲ್ಬು ಉರಿದು ಚಾರ್ಜು ಇಳಿಯುತ್ತದೆ. ಅರ್ಧಕ್ಕೆ ಬಂತೆಂದರೆ ಪಕ್ಕದ ಪುಟ್ಟ ಮೀಟರು ಪೀಂ ಎಂದು ಕೂಗುತ್ತದೆ, ಕಿತ್ತಿಡಬೇಕು. ಅಷ್ಟೇ.

"ಹಾಡಹಗಲ ದೀಪಾ ಹಚ್ಚೀಯಲ್ಲ ಬೇ!" ಅಂದರು ಅತ್ತೆ ಗೌರಾಬಾಯಿ. "ತುಂಬಿದ್ದನ್ನ ಯಾರರ ಬರಿದ ಮಾಡಿ ಇಡತಾರೇನು?"

"ಬರಿದ ಅಲ್ರಿ ಅತ್ತಿ, ಅರ್ಧ. ತುಂಬಿ ಇಟ್ರ ಉಬ್ಬತಾವ. ಉಬ್ಬಿದ್ವು ಬೆಂಕಿ ಹತ್ತೂ ಹೆದರಿಕಿ ಇರತೈತ್ರಿ."

ಗುಟ್ಟಾಗಿ ಹೇಳಿದ್ದಲ್ಲ, ಪಡಸಾಲೆಯಲ್ಲಿ ಎಲ್ಲರೆದುರು ಹೇಳಿದ್ದು. ಗಂಡ ಮಲ್ಲೇಶನೂ ಅಲ್ಲೇ ಕೂತು ಹ್ಞೂಂ ಅಂದಿದ್ದ.

ದೀಪಾಲಿ ಎಲ್ಲ ಬ್ಯಾಟರಿಗಳನ್ನೂ ಅರ್ಧಕ್ಕೆ ಇಳಿಸಿ ಪೆಟ್ಟಿಗೆಗೆ ಹಾಕಿದಳು. ನಾಗರಪಂಚಮಿಗೆ ಭೋಜ ಊರಿನ ತವರಿಗೆ ಹೋಗಿ ಬಂದಳು. ಮತ್ತೆ ಪೆಟ್ಟಿಗೆ ತೆರೆದದ್ದು ದಸರೆಗೆ ಆಯುಧಗಳನ್ನು ಪೂಜಿಸುವ ಖಂಡೆಪೂಜೆಯ ದಿನ. ಕುಡುಗೋಲು, ಕತ್ತರಿ, ಔಷಧ ಹೊಡೆಯುವ ಪಂಪುಗಳ ಸಾಲಿನಲ್ಲಿ ತನ್ನ ಗಿಡುಗನನ್ನೂ ಕೂಡಿಸುವ ಆಸೆ ಅವಳಿಗೆ. ನೋಡಿದರೆ ಬ್ಯಾಟರಿಗಳೆಲ್ಲ ಪೂರಿಯಂತೆ ಉಬ್ಬಿ ಕೂತಿವೆ.

"ಏನಾತವಾ?" ಎಂದು ಪೂಜೆಗೆ ಬಂದಿದ್ದ ನೆರೆಯ ಕಾಕಾಸಾಹೇಬರು ಬಗ್ಗಿ ನೋಡಿದರು.

ಅವಳು ಬಾಯಿ ತೆರೆಯುವ ಮೊದಲೇ ಮಲ್ಲೇಶ ಅಂದ: "ಏನಾಗೂದೈತ್ರಿ ಕಾಕಾ? ಬಲ್ಬ್ ಹಚ್ಚಿ ಹಚ್ಚಿ ಅವುಗಳ ಜೀವಾ ತಗದಾಳ."

ಬಂದವರೆಲ್ಲ ನಕ್ಕರು. ಮಲ್ಲೇಶನೂ ನಕ್ಕ. ರಾವಸಾಹೇಬರಿಗೆ ಅಷ್ಟೇ ಸಾಕಾಯಿತು. "ಆ ಹಲಗಿ ತಿಪ್ಪಿಗೆ ಒಗೀರಿ. ಬರೂ ಸುಗ್ಗಿಗೆ ತೋಟದ ಮ್ಯಾಲ ಹಕ್ಕಿ ಬಲೆ ಕಟ್ಟೂಣು. ಗಿಡುಗನ ಆಟ ಸಾಕಿನ್ನ." ಯಾವ ಕೆಲಸಕ್ಕೂ ಲಗುಬಗೆಯಿಂದ ಏಳದ ಮಲ್ಲೇಶ ಇದಕ್ಕೆ ಮಾತ್ರ ಓಡಿ ಹೋಗಿ ಒಗೆದು ಬಂದ.

ದೀಪಾಲಿಗೆ ಮೈಯೆಲ್ಲ ಉರಿಯಿತು. ಆದರೆ ಮೀಟರು ಪೆಟ್ಟಿಗೆಯಲ್ಲೇ ಉಳಿದಿತ್ತು. ಒಂದು ಬ್ಯಾಟರಿಗೆ ಹಚ್ಚಿ ನೋಡಿದಳು, ಇನ್ನೊಂದಕ್ಕೆ ಹಚ್ಚಿದಳು. ಎಲ್ಲವೂ ತುಂಬಿದ್ದವು.

"ಮಾವಾರ, ಇಲ್ಲಿ ನೋಡ್ರಿ. ನಾ ಖಾಲಿ ಮಾಡಿ ಕೊಂದಿದ್ರ ಇವು ತುಂಬಿ ಹೆಂಗ ಅದಾವ್ರಿ? ಬ್ಯಾಟರಿ ತನ್ನಷ್ಟಕ್ಕ ತಾ ತುಂಬೂದಿಲ್ಲ. ಯಾರ ತುಂಬ್ಯಾರ, ಹೇಳ್ರಿ!"

ಆ ಮನೆಯಲ್ಲಿ ಸೊಸೆಯ ದನಿ ಅಷ್ಟು ಏರಿದ್ದು ಅದೇ ಮೊದಲು. ಗೌರಾಬಾಯಿ ಕೈಯಲ್ಲಿದ್ದ ಕುಂಕುಮದ ಬಟ್ಟಲು ಕೆಳಗಿಟ್ಟರು.

"ನಾನ ಹೇಳಿದ್ನಿ. ನೀ ಪಂಚಮಿಗೆ ಹೋದಾಗ. ಮನ್ಯಾಗ ಬರಿದ ಸಾಮಾನ ಬ್ಯಾಡಂತ ಮಲ್ಲೇಶನ ಕಡಿಂದ ತುಂಬಿಸಿದ್ನಿ."

"ಉಬ್ಬತಾವಂತ ಹೇಳಿದ್ನಲ್ರಿ ಅತ್ತಿ?"

"ಹೇಳಿದ್ದಿ. ನಾ ಕೇಳಲಿಲ್ಲ ಮಗಳ."

ಅತ್ತೆಯ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಕೊಡದಲ್ಲಿ ಜೋಳ ಹಾಕಿಡುವ ಕೈ ಅದು, ಒಳ್ಳೆಯದಕ್ಕೆಂದೇ ಮಾಡಿದ್ದು. ಆದರೆ ಇವನು? ಮಂಗ ಮೊಸರು ತಿಂದು ಆಡಿನ ಮೂತಿಗೆ ಒರೆಸಿತಂತೆ. ತನ್ನ ಕೈಯಾರೆ ಚಾರ್ಜರಿಗೆ ಹಚ್ಚಿದವನು, ಮಂದಿಯ ಜೊತೆ ಕೂಡಿ ಹೆಂಡತಿಯನ್ನು ನೋಡಿ ನಕ್ಕವನು!

"ಗೊತ್ತಿದ್ದೂ ನನ್ನ ಮ್ಯಾಲ ಹಾಕಿದ್ರಿ?"

"ಬಂದ ಮಂದಿ ಮುಂದ ಅವ್ವನ ಹೆಸರ ಹೆಂಗ ಹೇಳ್ಲಿ?" ಎಂದು ಗೊಣಗಿದ ಮಲ್ಲೇಶ.

"ನನ್ನ ಹೆಸರ ಹೇಳಾಕ ನಾಲಿಗಿ ಹೆಂಗ ಹೊಳ್ಳಿತು?"

ದೀಪಾಲಿ ಬ್ಯಾಟರಿ ಪೆಟ್ಟಿಗೆಯನ್ನು ಅವನ ಮುಂದೆ ಸರಿಸಿದಳು.

"ಉಬ್ಬಿದ್ದನ್ನ ಮನ್ಯಾಗ ಇಡಾಕ ಬರೂದಿಲ್ಲ. ಪೂರ್ತಿ ಇಳಿಸೇ ಒಗೀಬೇಕು. ಆ ಹಲಗಿ ತರ್ರಿ."

ಮಲ್ಲೇಶ ಅಪ್ಪನ ಮುಖ ನೋಡಿದ. ರಾವಸಾಹೇಬರು ಕಣ್ಣು ತಪ್ಪಿಸಿ, "ಹೋಗಿ ತಾ," ಅಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಅವನು ತಿಪ್ಪೆಗೆ ಇಳಿದು ಹಲಗೆ ಎತ್ತಿ, ಸಗಣಿ ಒರೆಸಿ ತಂದ. ಮನೆ, ಒಣ ಕಣಿಕೆಯ ಬಣವೆ ಎರಡರಿಂದಲೂ ದೂರ, ಬಯಲಲ್ಲಿ ಕಲ್ಲಿನ ಮೇಲೆ ಅವಳು ಬ್ಯಾಟರಿ ಹಚ್ಚಿಕೊಟ್ಟಳು. ಮಟಮಟ ಮಧ್ಯಾಹ್ನ ಬಲ್ಬು ಹೊತ್ತಿಕೊಂಡಿತು. ನಾಲ್ಕು ಮಾರು ಆಚೆ ಮಲ್ಲೇಶ ಕಾವಲು ಕೂತ.

ಒಳಗೆ ಆರತಿಗೆ ಕರೆ ಬಂತು. "ಮಲ್ಲೇಶ ಎಲ್ಲಿ?" ಅಂದರು ರಾವಸಾಹೇಬರು. "ಅಂವಗ ಕೆಲಸ ಐತಿ. ಆರತಿ ಸೊಸಿ ಮಾಡತಾಳ," ಅಂದರು ಗೌರಾಬಾಯಿ.

ದೀಪಾಲಿ ತಟ್ಟೆ ಎತ್ತಿಕೊಂಡಳು. ಅಷ್ಟರಲ್ಲಿ ದಾರಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿ, "ಯಾಕೋ ಮಲ್ಲೇಶಾ, ಹಾಡಹಗಲ ಬಲ್ಬ್ ಹಚಗೊಂಡ ಕುಂತೀ?" ಎಂದು ಕೇಳಿದರು.

ಮಲ್ಲೇಶ ತಲೆ ತಗ್ಗಿಸಿ ಏನೋ ಅಂದ. ತಟ್ಟೆ ಹಿಡಿದೇ ದೀಪಾಲಿ ಬಾಗಿಲಿಗೆ ಬಂದು ನಿಂತಳು.

"ಜೋರಾಗಿ ಹೇಳ್ರಿ," ಅಂದಳು. "ನನ್ನ ಹೆಸರ ಹೇಳುವಾಗ ಎಲ್ಲಾರಿಗೂ ಕೇಳಿತ್ತು."