ಮುನಿಯಲ್ಲಪ್ಪನವರು ಹಿಡಿದ ಎಲೆ

ಬೆಳಿಗ್ಗೆ ಮಾರಮ್ಮನ ಗುಡಿಯಲ್ಲಿ ಶಿವರಾಮನ ಕೈಯಿಂದ ಎಲೆ ಹಿಡಿದಿದ್ದ ನನ್ನ ಮಾವ ಮುನಿಯಲ್ಲಪ್ಪನವರು, ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ಮುನೇಶನ ಕೈಯಿಂದಲೂ ಹಿಡಿದುಬಿಟ್ಟರು. ಒಲೆ ಆರಿಸಿ ನಾನು ಹೊರಗೆ ಓಡಿಬರುವಷ್ಟರಲ್ಲಿ ಮುಗಿದುಹೋಗಿತ್ತು. ಮುನೇಶ ಫೋಟೊ ತೆಗೆಯುತ್ತಿದ್ದ.

ಶಿವರಾಮ ಒಂದು ಪಕ್ಷದವನು, ಮುನೇಶ ಎದುರು ಪಕ್ಷದವನು. ಇಬ್ಬರೂ ನಮ್ಮ ಊರಿನವರೇ. ಊರೆಂದರೆ ಈಗ ಸಹಕಾರನಗರದ ಹಿಂದೆ, ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ ಉಳಿದಿರುವ ಮೂರು ಬೀದಿ, ಒಂದು ಗುಡಿ. ವಿಧಾನಸಭೆ ಚುನಾವಣೆ ಬಂದಾಗ ಮಾತ್ರ ಅದು ಮತ್ತೆ ಊರಾಗುತ್ತದೆ. ವೀಳ್ಯದೆಲೆ, ಅಡಿಕೆ, ಮೇಲೊಂದು ಚಿಟಿಕೆ ಉಪ್ಪು. ಅದನ್ನು ಊರಿನ ಹಿರಿಯ ಕೈಯೊಡ್ಡಿ ತೆಗೆದುಕೊಂಡರೆ ಹಳೆಯ ಮನೆಗಳ ಓಟೆಲ್ಲ ಕೊಟ್ಟವರ ಕಡೆಗೆ. ಮೊದಲು ಮಾವನ ತಂದೆ ಹಿಡಿಯುತ್ತಿದ್ದರಂತೆ, ಆಮೇಲೆ ಮಾವ. ರಾಜ್ಯಶಾಸ್ತ್ರ ಓದಿ ಈ ಮನೆಗೆ ಬಂದ ನನಗೆ ಇದು ಎಂದೂ ಸರಿ ಕಂಡಿಲ್ಲ. ಆದರೆ ಮಾವನ ಎದುರು ಹೇಳಿದವಳೂ ಅಲ್ಲ.

ಮಾವನಿಗೆ ಮರೆವು ಶುರುವಾಗಿ ವರ್ಷ ದಾಟಿತ್ತು. ಅದು ನನಗೆ ಮತ್ತು ಗಂಡ ಗೋಕುಲ್‌ಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವಂತೆಯೂ ಇರಲಿಲ್ಲ. ಬೆಳಿಗ್ಗೆ ತಿಂದ ಉಪ್ಪಿಟ್ಟು ನೆನಪಿರದ ಅವರಿಗೆ ನಮ್ಮ ಕ್ಷೇತ್ರದ ಚರಿತ್ರೆ ಅಂಗೈ ಗೆರೆಯಷ್ಟು ಸ್ಪಷ್ಟ. ಕ್ಷೇತ್ರ ಎಷ್ಟು ದೊಡ್ಡದಿತ್ತು, ಪ್ರಚಾರಕ್ಕೆ ಎಷ್ಟು ಎತ್ತಿನ ಗಾಡಿ ಹೂಡುತ್ತಿದ್ದರು, ಯಾರು ಯಾರ ಟಿಕೆಟ್ ತಪ್ಪಿಸಿದರು, ಗಡಿ ಬದಲಾಗಿ ಕ್ಷೇತ್ರ ಒಡೆದಾಗ ಯಾವ ಬೀದಿ ಯಾವ ಕಡೆಗೆ ಹೋಯಿತು, ಎಲ್ಲ ಸರಾಗ. ಟಿವಿಯವರು ತಪ್ಪು ಹೇಳಿದರೆ ಜಗಲಿಯಿಂದಲೇ ಬಯ್ಯುತ್ತಿದ್ದರು. ಇಂಥವರಿಗೆ ಮರೆವು ಎಂದರೆ ನಂಬುವವರು ಯಾರು?

ಬೆಳಿಗ್ಗೆ ಗುಡಿಯಲ್ಲಿ ಗೋಕುಲ್ ಜೊತೆಗಿದ್ದ. ಎಲ್ಲ ಸುಸೂತ್ರವಾಗಿ ಆಯಿತೆಂದು ನಾಗಸಂದ್ರಕ್ಕೆ ಕೆಲಸಕ್ಕೆ ಹೋದ. ಮುನೇಶ ಬಂದವನು ಕೇಳಿಯೇ ಕೊಟ್ಟಿದ್ದ. "ದೊಡ್ಡಪ್ಪ, ಯಾರ್ದಾದ್ರೂ ಹಿಡಿದ್ಬಿಟ್ಟಿದ್ದೀರಾ?" "ಇಲ್ಲ ಕಣ್ಲಾ, ನಿಂದೇ ಮೊದಲು" ಎಂದಿದ್ದರು ಮಾವ. ಅಷ್ಟು ಅಡುಗೆಮನೆಗೂ ಕೇಳಿಸಿತ್ತು.

ಫೋಟೊ ಊರಿನ ವಾಟ್ಸಾಪ್ ಗುಂಪಿಗೆ ಬಂತು. ಗೋಕುಲ್ ಫೋನ್ ಎತ್ತಲಿಲ್ಲ. ನಾನು ಬಾಗಿಲ ಹಿಂದೆ ನಿಂತು ಬೀದಿ ನೋಡುತ್ತಿದ್ದೆ. ಮರೆವು ಎಂದು ಹೇಳಿಬಿಟ್ಟರೆ ಮಾವ ಅರಳುಮರಳಿನ ಮುದುಕ. ಹೇಳದಿದ್ದರೆ ಎರಡೂ ಕಡೆ ತಿಂದವನು. ಎರಡರಲ್ಲಿ ಒಂದು ಹೆಸರು ಇವತ್ತೇ ಅವರಿಗೆ ಅಂಟಿಕೊಳ್ಳುವುದಿತ್ತು. ಯಾವುದೆಂದು ತೀರ್ಮಾನಿಸಬೇಕಾದವಳು ನಾನು. ಒಳಗೆ ಮಾವ ಗೊರಕೆ ಹೊಡೆಯುತ್ತಿದ್ದರು.

ಬಿಸಿಲು ಇಳಿಯುವ ಮುಂಚೆ ಶಿವರಾಮ ಬಂದ. ಹಿಂದೆ ಅರ್ಧ ಬೀದಿಯೇ ಬಂತು. ಎದುರುಮನೆಯ ದ್ರೌಪದಮ್ಮ ಸೊಪ್ಪು ಬಿಡಿಸುವುದನ್ನು ಬಿಟ್ಟು ಎದ್ದು ನಿಂತರು. ಮುನೇಶ ಬೈಕ್ ನಿಲ್ಲಿಸಿ ಇಳಿದ.

"ಎಲ್ಲಿ ನಿಮ್ ಮಾವ? ಕರೀರಿ ಅತ್ತಿಗೆ" ಎಂದ ಶಿವರಾಮ.

"ಮಲಗಿದ್ದಾರೆ."

"ಬೆಳಿಗ್ಗೆ ನಮ್ದು, ಮಧ್ಯಾಹ್ನ ಅವರ್ದು. ಸುಸ್ತಾಗಿರುತ್ತೆ ಬಿಡಿ."

ಹಿಂದೆ ಯಾರೋ ನಕ್ಕರು. ಮುನೇಶನಿಗೆ ರೇಗಿತು. "ನಾನು ಕೇಳೇ ಕೊಟ್ಟಿದ್ದು ಮಗಾ. ಹಿಡಿದಿಲ್ಲ ಅಂದ್ರು. ಸುಳ್ಳು ಹೇಳಿದ್ದು ಯಾರು, ನಾನಾ?"

ಗಲಾಟೆಗೆ ಮಾವ ಎದ್ದು ಬಂದರು. ಪಂಚೆ ಸರಿಮಾಡಿಕೊಂಡು, "ಏನ್ರಲಾ ಇಷ್ಟ್ ಜನ? ಕಲಾವತಿ, ಎಲ್ರಿಗೂ ಕಾಫಿ ಮಾಡಮ್ಮ" ಎಂದರು.

"ಕಾಫಿ ಬೇಡ ದೊಡ್ಡಪ್ಪ. ಬೆಳಿಗ್ಗೆ ಗುಡೀಲಿ ನನ್ನ ಕೈಯಿಂದ ಏನ್ ತಗೊಂಡ್ರಿ?"

ಮಾವ ಅವನನ್ನು ನೋಡಿದರು, ನನ್ನನ್ನು ನೋಡಿದರು. ಉತ್ತರ ಗೊತ್ತಿಲ್ಲದಾಗ ಅವರ ಹೆಬ್ಬೆರಳು ಪಂಚೆಯ ಅಂಚನ್ನು ಉಜ್ಜುತ್ತದೆ. ಈಗಲೂ ಉಜ್ಜುತ್ತಿತ್ತು. ಅದನ್ನು ಕಂಡವಳು ನಾನೊಬ್ಬಳೇ.

"ನೋಡಿ, ಮಾತೇ ಬರ್ತಿಲ್ಲ" ಎಂದ ಶಿವರಾಮ. "ಎರಡೂ ಕಡೆ ತಿಂದ್ರೆ ಹಿಂಗೇ ಆಗೋದು."

ಆ ಮಾತು ಬಿದ್ದ ಮೇಲೆ ನನಗೆ ದಾರಿ ಉಳಿಯಲಿಲ್ಲ.

"ಮಾವನಿಗೆ ಮರೆವಿದೆ. ಒಂದು ವರ್ಷದಿಂದ. ಬೆಳಿಗ್ಗೆ ಆದದ್ದು ಅವರಿಗೆ ನೆನಪಿಲ್ಲ."

"ಮರೆವಾ! ಮೊನ್ನೆ ತಾನೆ ಕ್ಷೇತ್ರದ ಪುರಾಣ ಪೂರ್ತಿ ಬಿಚ್ಚಿದ್ರು. ಯಾರ ಕಿವಿಗೆ ಹೂವಿಡ್ತೀರ ಅತ್ತಿಗೆ?"

ಮಾವನ ಕಡೆ ತಿರುಗಿ, ದಿನವೂ ಮಾತಾಡಿಸುವ ದನಿಯಲ್ಲೇ ಕೇಳಿದೆ. "ಮಾವ, ಈ ಸಲ ನಮ್ಮ ಕ್ಷೇತ್ರಕ್ಕೆ ಯಾರು ನಿಂತಿದ್ದಾರೆ?"

ಅವರ ಮುಖ ಅರಳಿತು. ಗೊತ್ತಿರುವ ಪ್ರಶ್ನೆ. "ಅದೇನ್ ಕೇಳ್ತೀಯ! ನಮ್ ವೆಂಕಟೇಶಪ್ಪನೇ ನಿಂತಿರೋದು. ಜಕ್ಕೂರು ಕಡೆಯೋರು ಒಸಿ ಮುನಿಸ್ಕೊಂಡವ್ರೆ. ನಾಳೆ ಓಗಿ ಮಾತಾಡ್ತೀನಿ, ಸರಿಯಾಗ್ತದೆ."

ವೆಂಕಟೇಶಪ್ಪ ಸತ್ತಾಗ ಶಿವರಾಮ ಇನ್ನೂ ಹುಟ್ಟಿರಲಿಲ್ಲ. ಅವನ ಪಕ್ಷದ ಕಚೇರಿ ಇರುವುದು ವೆಂಕಟೇಶಪ್ಪ ರಸ್ತೆಯಲ್ಲಿ. ದ್ರೌಪದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಮುಗಿಯಿತು ಎಂದುಕೊಂಡೆ. ಆದರೆ ಶಿವರಾಮ ಹತ್ತಿರ ಬಂದು ದನಿ ತಗ್ಗಿಸಿದ. "ಆಯ್ತು ಅತ್ತಿಗೆ, ಒಪ್ಕೊತೀನಿ. ಬೆಳಿಗ್ಗೆ ಮಗ ಜೊತೇಲಿದ್ದ, ಚೆನ್ನಾಗಿದ್ರು. ಮಧ್ಯಾಹ್ನದ್ದು ಮಾತ್ರ ಮರೆವು ಅಂತ ಒಂದ್ ಮಾತು ಎಲ್ರ ಮುಂದೆ ಹೇಳ್ಬಿಡಿ. ದೊಡ್ಡಪ್ಪನ ಮಾನ ಉಳಿಯುತ್ತೆ. ಯಾರೂ ಏನೂ ಅನ್ನದಂಗೆ ನಾನ್ ನೋಡ್ಕೊತೀನಿ."

"ಕಿವೀಲಿ ಏನ್ ಹೇಳ್ತಿದೀಯ, ಜೋರಾಗಿ ಹೇಳು ಗುರು!" ಮುನೇಶ ಕೂಗಿದ.

ಆ ಒಂದು ಮಾತು ಹೇಳುವುದು ಬಹಳ ಸುಲಭವಿತ್ತು. ಮಾವ ಮೊದಲಿನಂತೆ ಊರ ಹಿರಿಯರಾಗಿ ಉಳಿಯುತ್ತಿದ್ದರು. ಅವರ ಮರೆವು ಯಾವಾಗ ಮರೆವು, ಯಾವಾಗ ಅಲ್ಲ ಎಂದು ಮುಂದೆ ಶಿವರಾಮ ತೀರ್ಮಾನಿಸುತ್ತಿದ್ದ, ಅಷ್ಟೆ.

ಒಳಗೆ ಹೋದೆ. ಎರಡೂ ಎಲೆಗಳು ದೇವರ ಮುಂದೆ ಒಂದೇ ತಟ್ಟೆಯಲ್ಲಿದ್ದವು. ಉಪ್ಪು ನೀರಾಗಿ ಯಾವುದು ಯಾರದೆಂದು ತಿಳಿಯುವಂತಿರಲಿಲ್ಲ. ತಟ್ಟೆಯನ್ನು ಹಾಗೇ ತಂದು ಜಗಲಿಯ ಮೇಲಿಟ್ಟೆ.

"ಎರಡೂ ವಾಪಸ್ ತಗೊಳ್ಳಿ. ಈ ಮನೆ ಇನ್ನು ಎಲೆ ಹಿಡಿಯಲ್ಲ. ಅವರವರ ಓಟು ಅವರವರದು."

"ಅದನ್ನ ಹೇಳೋಕೆ ನೀವ್ಯಾರು?" ಎಂದ ಮುನೇಶ. ಅಲ್ಲಿಯವರೆಗೂ ಅವನು ನನ್ನ ಮೇಲೆ ಸಿಟ್ಟಾಗಿರಲಿಲ್ಲ.

"ಈ ಮನೆಯವಳು."

ಅವರಿಬ್ಬರೂ ಮೊದಲ ಸಲ ಒಂದೇ ಪಕ್ಷದವರಂತೆ ನನ್ನನ್ನು ನೋಡಿದರು. ಶಿವರಾಮ ಕಾಲಿನಿಂದ ತಟ್ಟೆಯನ್ನು ಆಚೆ ಸರಿಸಿ ಹೊರಟ. ಎಲೆ ಯಾರೂ ಮುಟ್ಟಲಿಲ್ಲ. ಜನ ಕರಗುವಾಗ "ಸೊಸೆ ಆಳ್ತಾಳೆ ಇನ್ಮೇಲೆ" ಎಂಬ ಮಾತು ಕೇಳಿಸಿತು. ನನಗೆ ಕೇಳಿಸಲೆಂದೇ ಆಡಿದ್ದು.

ಮಾವ ಖಾಲಿ ಬೀದಿಯನ್ನೇ ನೋಡುತ್ತ ಕೂತಿದ್ದರು. ಸ್ವಲ್ಪ ಹೊತ್ತಿಗೆ ಕೇಳಿದರು. "ಎಲೆ ಕೊಡೋಕೆ ಇನ್ನೂ ಯಾರೂ ಬರ್ಲಿಲ್ವಲ್ಲಮ್ಮ?"

ಬರುತ್ತಾರೆ ಮಾವ ಎನ್ನಬಹುದಿತ್ತು. ಒಂದು ವರ್ಷ ಅಂಥ ಮಾತುಗಳನ್ನೇ ಆಡಿಕೊಂಡು ಬಂದಿದ್ದೆ.

"ಬಂದಿದ್ರು. ಬೇಡ ಅಂತ ನಾನೇ ಕಳಿಸಿದೆ."

ಅವರು ನನ್ನ ಕಡೆ ತಿರುಗಿದರು. ಹೆಬ್ಬೆರಳು ಅಲುಗಲಿಲ್ಲ.

"ನನ್ನನ್ನ ಒಂದ್ ಮಾತು ಕೇಳ್ಬೇಕಿತ್ತು ಕಣಮ್ಮ" ಎಂದು ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದರು.