ಗಿಡ್ಡ ಕಾಲಿನ ಲೈಸೆನ್ಸ್

"ಭಾವ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಂಪ್ಯೂಟರೇ ನಕಲಿ ಅಂತ ಊರೆಲ್ಲ ಮಾತಾಡ್ಕೊಳ್ತಿದೆ."

ಭಾಮೈದ ಹೀಗೆಂದಾಗ ಯಜಮಾನರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ತಿರುಗುವುದನ್ನು ನಿಲ್ಲಿಸಿತು. ಆ ಕಂಪ್ಯೂಟರನ್ನು ತಲೆ ಕೆಡಿಸಿಕೊಂಡು ಹುಟ್ಟಿಸಿದವರೇ ಅವರು. ಅದರಂಥದ್ದೇ ಮಾಡಿ ಮಾರಿಕೋ ಎಂದು ಭಾಮೈದನಿಗೆ ಲೈಸೆನ್ಸ್ ಕೊಟ್ಟವರೂ ಅವರೇ. ಕೊಡುವ ಮನಸ್ಸೇನೂ ಇರಲಿಲ್ಲ. ತಮ್ಮನ ಪರವಾಗಿ ಹೆಂಡತಿ ಮುಖ ಊದಿಸಿಕೊಂಡು ಕೂತಳು, ಕೊಟ್ಟರು. ಹಾಕಿದ್ದು ಒಂದೇ ಷರತ್ತು: ತಾವು ಮಾಡಿದ್ದಕ್ಕೂ ಅವನು ಮಾಡಿದ್ದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಕೂಡದು.

ಭಾಮೈದ ಷರತ್ತನ್ನು ಕಣ್ಣಿಗೊತ್ತಿಕೊಂಡ. ಎಡವಟ್ಟಾಗಿದ್ದು ಮಾದರಿಗೆಂದು ಕೊಟ್ಟ ಪೆಟ್ಟಿಗೆಯಲ್ಲಿ. ಅದರ ಒಂದು ಕಾಲು ಗಿಡ್ಡ. ಅಲುಗಾಡದಿರಲೆಂದು ಯಜಮಾನರು ಅದರಡಿಗೆ ರಟ್ಟಿನ ಚೂರೊಂದನ್ನು ಮಡಚಿ ಅಂಟಿಸಿದ್ದರು. ಪುಣ್ಯಾತ್ಮ ಗಿಡ್ಡ ಕಾಲಿಗೂ ಅಚ್ಚು ಮಾಡಿಸಿದ, ರಟ್ಟಿಗೂ ಮಾಡಿಸಿದ, ಮಡಿಕೆಯ ಗೆರೆ ಸಮೇತ. ಪ್ಲಾಸ್ಟಿಕ್ಕಿನ ಆ ರಟ್ಟಿನ ಮೇಲೆ ನಿಂತೇ ಅವನ ಕಂಪ್ಯೂಟರುಗಳು ಮನೆಮನೆ ಹೊಕ್ಕವು. ಜನಕ್ಕೆ ಅದೇ ಅಸಲಿಯ ಗುರುತಾಯಿತು. ನಾಲ್ಕೂ ಕಾಲು ಸಮವಿದ್ದ, ಯಜಮಾನರ ಉಳಿದ ಕಂಪ್ಯೂಟರುಗಳನ್ನು ಕೇಳುವವರೇ ಇಲ್ಲ. ಹೀಗೇ ಆದರೆ ಬಾಗಿಲು ಹಾಕಬೇಕಾದೀತು.

"ಲೈಸೆನ್ಸ್ ಕೊಟ್ಟಿದ್ದೇ ತಪ್ಪು. ನನ್ನ ಹೆಸರನ್ನ ನಾನೇ ಕೈಯಾರೆ ದಾನ ಮಾಡಿದೆ."

"ಕೊಡದೇ ಇದ್ದಿದ್ರೆ ನಿಮ್ಮ ಹೆಸರು ಈ ಹೊಸಿಲು ದಾಟ್ತಿತ್ತಾ ಭಾವ? ಈಗ ನೋಡಿ, ನೀವು ಬರೆದ ಪ್ರೋಗ್ರಾಮು ಎಲ್ಲರ ಮನೇಲೂ ಓಡ್ತಿದೆ."

"ಓಡ್ತಿದೆ. ನನ್ನನ್ನ ಬಿಟ್ಟು ಓಡ್ತಿದೆ."

"ಇಬ್ರೂ ಸ್ವಲ್ಪ ಬಾಯಿ ಮುಚ್ತೀರಾ?" ಹೆಂಡತಿ ಒಳಗಿನಿಂದ ಬಂದಳು. "ಗಿರಾಕಿ ನಿಂತಿದಾರೆ."

ಎಷ್ಟೋ ದಿನದ ಮೇಲೆ ಬಂದ ಗಿರಾಕಿ. ಬೀದಿಯಾಚೆ ಬಟ್ಟೆ ಹೊಲಿಯುವಾಕೆ. ಆಕೆ ಪರದೆಯ ಕಡೆ ನೋಡಲೂ ಇಲ್ಲ. ಪೆಟ್ಟಿಗೆಯನ್ನು ಓರೆ ಮಾಡಿ, ಬಗ್ಗಿ ಅಡಿ ನೋಡಿದಳು.

"ಕಾಲಡಿಯ ತುಂಡೆಲ್ಲಿ?"

"ಬೇಕಾಗಿಲ್ಲಮ್ಮ. ನಾಲ್ಕೂ ಕಾಲು ಸಮ ಇದೆ, ತಾನಾಗೇ ನಿಲ್ಲತ್ತೆ."

"ಅದೇ ಅನುಮಾನ. ನಮ್ಮ ನಾದಿನಿ ಮನೇಲಿರೋದು ಹಾಗೆಲ್ಲ ನಿಲ್ಲಲ್ಲ."

ಯಜಮಾನರು ಹಳೆಯ ಡಬ್ಬದಿಂದ ರಟ್ಟು ಹರಿದು, ಮಡಚಿ ಕೊಟ್ಟರು. "ತಗೊಳ್ಳಿ, ಇದೇ ಮೂಲ. ನನ್ನ ಕೈಯಿಂದ್ಲೇ ಶುರುವಾಗಿದ್ದು."

ಆಕೆ ಅದನ್ನು ಬೆರಳಲ್ಲಿ ಹಿಸುಕಿದಳು. "ಇದು ಬರೀ ರಟ್ಟು ಸ್ವಾಮಿ. ಅಸಲಿ ಇರೋದು ಪ್ಲಾಸ್ಟಿಕ್ಕಿಂದು." ಕೈಚೀಲದ ಬಾಯಿ ಮುಚ್ಚತೊಡಗಿದಳು.

ಭಾಮೈದ ಜೇಬಿನಿಂದ ಪ್ಲಾಸ್ಟಿಕ್ ತುಂಡು ತೆಗೆದು ಮೇಜಿನ ಮೇಲಿಟ್ಟ. "ನಾನು ಕೊಡ್ತೀನಿ ಭಾವ, ಲೈಸೆನ್ಸ್ ಮೇಲೆ. ಒಂದೇ ಷರತ್ತು."

"ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು. ಅಷ್ಟೇ ತಾನೇ?"

"ನೀವು ಹೇಳ್ಕೊಟ್ಟಿದ್ದೇ."

ಯಜಮಾನರು ಕೈಚೀಲದ ಕಡೆಗೊಮ್ಮೆ ನೋಡಿದರು, ತಾವು ಉಜ್ಜಿ ಸಮ ಮಾಡಿದ್ದ ನಾಲ್ಕು ಕಾಲುಗಳ ಕಡೆಗೊಮ್ಮೆ.

"ಎಷ್ಟು ಗಿಡ್ಡ ಬೇಕಮ್ಮ?"

"ನಾದಿನಿ ಮನೇಲಿರೋ ಅಷ್ಟು."

ಅವರು ಗೋಡೆಯ ಮೊಳೆಯಿಂದ ಗರಗಸ ಇಳಿಸಿಕೊಂಡರು. ಹೆಂಡತಿ ಪೆಟ್ಟಿಗೆಯನ್ನು ಮಗುಚಿ, ಅಲುಗಾಡದಂತೆ ಎರಡೂ ಕೈಯಿಂದ ಒತ್ತಿ ಹಿಡಿದಳು.