ಕಲೆಕ್ಯೆ ಕಾಯಂ ಆದದ್ದು

ವಿಮೆ ಮಾರುವವರನ್ನು ಹುಡುಕಿ ಕಂಪನಿಗಳಿಗೆ ಒದಗಿಸುವುದು ಕಲೆಕ್ಯೆಯ ಕೆಲಸ. ಹೂತೋಟ, ಗಿರಣಿ, ಶಾಲೆಗಳ ಮಾಲೀಕರ ಬೆನ್ನು ಬಿದ್ದು, ಅವರ ನೌಕರರೆಲ್ಲರ ಆಸ್ಪತ್ರೆ ಖರ್ಚಿಗೂ ಸತ್ತರೆ ಮಣ್ಣಿನ ಖರ್ಚಿಗೂ ಸೇರಿಸಿ ಒಂದೇ ಪಾಲಿಸಿ ಮಾಡಿಸಬಲ್ಲ ಗಟ್ಟಿಗರು ನೈರೋಬಿಯಲ್ಲಿ ಬೆರಳೆಣಿಕೆಯಷ್ಟು. ಅಂಥವರನ್ನು ಆರಿಸಿ ಕೊಡುವವಳ ಹೆಸರೇ ಯಾವ ಪಾಲಿಸಿಯಲ್ಲೂ ಇರಲಿಲ್ಲ. ಒಂದು ನೇಮಕಾತಿ ಕಚೇರಿಯಲ್ಲಿ ವರ್ಷಗಳಿಂದ ಅವಳು ಗುತ್ತಿಗೆಯವಳು. ಕಿಟುಯಿಯಲ್ಲಿ ತಾಯಿಗೆ ಡಯಾಲಿಸಿಸ್ ನಡೆದಿತ್ತು. ಗಥೋಗೊ ಅವರ ವಿಮಾ ಕಂಪನಿಗೆ ಈ ಸಲ ಒಬ್ಬ ಒಳ್ಳೆಯ ಮಾರಾಟಗಾರನನ್ನು ಕೊಟ್ಟರೆ ಕಾಯಂ ಮಾಡುತ್ತೇವೆ ಎಂದು ಅವಳ ಮೇಲಿನವರು ಹೇಳಿದ್ದರು. ಕಾಯಂ ಆದರೆ ತಾಯಿಗೂ ವಿಮೆ ಸಿಗುತ್ತಿತ್ತು.

ಅವಳು ಕರೆತಂದದ್ದು ಮಸಿಂಡೆಯನ್ನು. ಕಲ್ಲನ್ನೂ ಮಾತಾಡಿಸಿ ಸಹಿ ಹಾಕಿಸುವವನು ಎಂದು ಹೆಸರಾದ ಮನುಷ್ಯ, ಈಗ ಒಂದು ವರ್ಷದಿಂದ ಮನೆಯಲ್ಲಿ ಕೂತಿದ್ದ. ಕೆಲಸ ಬಿಟ್ಟದ್ದೇಕೆಂದು ಗಥೋಗೊ ಅವರ ಕಂಪನಿಯ ಲಿಫ್ಟಿನ ಮುಂದೆ ಕೇಳಿದಳು.

"ನೈವಾಶಾದ ಒಂದು ಹೂತೋಟಕ್ಕೆ ಪಾಲಿಸಿ ಮಾಡ್ಸಿದ್ದೆ. ರೇಟು ಇಳೀಲಿ ಅಂತ ದಿನಗೂಲಿಯವರನ್ನ ಪಾಲಿಸಿಯಿಂದ ಬಿಟ್ವಿ. ಬಿಡೋಣ ಅಂದೋನು ನಾನೇ. ಆಮೇಲೆ ತೋಟದ ಲಾರಿ ಮಗುಚಿ ನೆಕೆಸಾ ಅನ್ನೋ ದಿನಗೂಲಿ ಹುಡುಗಿ ಹೋದ್ಲು. ನಮ್ಮೂರ ಕಡೆಯೋಳು, ಮಣ್ಣಿಗೆ ಹೋದೆ. ಅಲ್ಲಿ ಮೈಕಿನಲ್ಲಿ, ವಿಮೆಯವರು ಬಂದಿದಾರೆ, ಎದ್ದು ನಿಲ್ಲಿ ಅಂದ್ರು. ನಿಂತೆ. ದುಡ್ಡು ತಂದಿದೀನಿ ಅಂದ್ಕೊಂಡು ಜನ ಚಪ್ಪಾಳೆ ತಟ್ಟಿದ್ರು, ತಂಗಿ."

ಕಲೆಕ್ಯೆ "ಇದನ್ನ ಒಳಗೆ ಎತ್ತಬೇಡಿ ಅಣ್ಣಾ, ಕಾಲಿಗೆ ಬೀಳ್ತೀನಿ. ಅಮ್ಮನಿಗೆ ಹುಷಾರಿಲ್ಲ, ಈ ಸಲ ನಾನು ಕಾಯಂ ಆಗ್ಲೇಬೇಕು," ಎಂದಳು.

ಒಳಗೆ ಗಥೋಗೊ ಚಹಾ ಕುಡಿಯುತ್ತ ಮೊದಲು ಕೇಳಿದ್ದೇ ಇದು. "ಆ ಹೂತೋಟ ನಮ್ಮ ಕಡೆಗೆ ತರ್ತೀರಾ?"

"ತರ್ತೀನಿ ಸರ್. ದಿನಗೂಲಿಯವರನ್ನೂ ಸೇರಿಸ್ಕೊಂಡು."

"ರೇಟು ಎಲ್ಲಿಗೆ ಹೋಗತ್ತೆ ಗೊತ್ತಾ? ದಿನಗೂಲಿಯವರು ಇವತ್ತಿರ್ತಾರೆ, ನಾಳೆ ಇರಲ್ಲ."

"ಅದಕ್ಕೇ ಅಲ್ವಾ ಸರ್, ವಿಮೆ ಅಂತ ಇರೋದು."

ಗಥೋಗೊ ಕಪ್ಪು ಕೆಳಗಿಟ್ಟು ಕಲೆಕ್ಯೆಯತ್ತ ತಿರುಗಿದರು. "ಬೇರೆ ಯಾರಾದ್ರೂ ಇದಾರೇನಮ್ಮಾ?"

ಅವಳ ಪಟ್ಟಿಯಲ್ಲಿ ಚೆಬೊಯಿ ಇದ್ದ. ಹೇಳಿದ ಹಾಗೆ ಕೇಳುವ ಚುರುಕು ಹುಡುಗ. ಇಲ್ಲ ಎನ್ನಬೇಕು ಅನ್ನಿಸಿತು ಅವಳಿಗೆ. ಪಕ್ಕದಲ್ಲಿ ಮಸಿಂಡೆ ಹಳೆಯ ಟೈ ಸರಿಮಾಡಿಕೊಳ್ಳುತ್ತ ನೆಲ ನೋಡುತ್ತಿದ್ದ. ಲೆಕ್ಕಕ್ಕೆ ತಾನೂ ದಿನಗೂಲಿಯವಳೇ ಅಲ್ಲವೇ? ಅಷ್ಟರಲ್ಲಿ ತಾಯಿಯ ಊದಿದ ಪಾದಗಳು ಕಣ್ಣ ಮುಂದೆ ಬಂದವು. ಹಾಳಾದ ಬಡತನ, ಮನುಷ್ಯರ ಕೈಯಲ್ಲಿ ಏನೇನು ಮಾಡಿಸುತ್ತದೋ.

"ಒಬ್ರಿದಾರೆ ಸರ್," ಎಂದಳು.

ಮುಂದಿನ ತಿಂಗಳು ಚೆಬೊಯಿ ಹೂತೋಟ ತಂದ, ದಿನಗೂಲಿಯವರನ್ನು ಬಿಟ್ಟು. ಕಲೆಕ್ಯೆ ಕಾಯಂ ಆದಳು. ಸುದ್ದಿ ಹೇಗೋ ಕಿವಿಗೆ ಬಿದ್ದು ಮಸಿಂಡೆ ಫೋನು ಮಾಡಿದ. ಬೈಯುತ್ತಾನೆ ಎಂದುಕೊಂಡೇ ಎತ್ತಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಒಳ್ಳೇದಾಯ್ತು ತಂಗಿ. ಅಮ್ಮನ ಹೆಸರು ಸೇರಿಸಿದಾರೆ ತಾನೆ? ಒಂದ್ಸಲ ನೀನೇ ನಿಂತು ನೋಡ್ಕೋ. ನಮ್ಮಂಥೋರು ಬಿಟ್ಟಿರ್ತೀವಿ."